ಬಿಸಿನೀರಿಗೆ ಕರಗದ ಮುಖ

ಶ್ರೀರಂಗಪಟ್ಟಣ

ಇಟಲಿಗೆ ಹೋಗಿ ಬಂದ ಮೇಲೆ ನನ್ನನ್ನು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಆ ವಾಲಿದ ಗೋಪುರ ನೋಡಿದೆಯಾ? ನೋಡಲಿಲ್ಲ. ನಾನು ನೋಡಿದ್ದು ಒಂದು ಹಳ್ಳಿಯ ಸ್ಮಶಾನ, ಒಂದು ಕತ್ತಲೆ ಕೋಣೆ ಮತ್ತು ಒಬ್ಬ ಮುದುಕಿಯ ಅಡುಗೆಮನೆ. ಇಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಎಂದು ನಗುವವರು ನಗಲಿ, ನಾನು ಹೋಗಿದ್ದೇ ಅದಕ್ಕೆ.

ಕೋಟೆಯೊಳಗೆ ನನ್ನದೊಂದು ಫೋಟೋ ಸ್ಟುಡಿಯೋ. ಮತದಾರರ ಪಟ್ಟಿಯಲ್ಲಿ ಸಿದ್ದೇಗೌಡ, ಊರಿಗೆಲ್ಲ ಪೋಟೋ ಸಿದ್ದಣ್ಣ. ತೊಂಬತ್ತರ ಆಚೀಚೆ ಮೈಸೂರಿನಲ್ಲಿ ಕಲರ್ ಲ್ಯಾಬುಗಳು ಬಂದ ಮೇಲೆ ಸುತ್ತಲಿನ ಸ್ಟುಡಿಯೋದವರೆಲ್ಲ ತಮ್ಮ ಕತ್ತಲೆ ಕೋಣೆಗೆ ಬೀಗ ಹಾಕಿ ಅಲ್ಲಿ ಈರುಳ್ಳಿ ಮೂಟೆ ಇಟ್ಟುಕೊಂಡರು. ನಾನು ಹಾಕಲಿಲ್ಲ. ಕಪ್ಪುಬಿಳುಪಿನ ಮೇಲೆ ನನಗೆ ಪ್ರೀತಿ ಎಂದು ದೊಡ್ಡ ಮಾತು ಆಡಬಹುದು. ನಿಜವಾಗಿ ಅದು ಹಠ.

ಒಂದು ಬೇಸಿಗೆ ರಂಗನತಿಟ್ಟಿಗೆ ಹಕ್ಕಿಗಳ ಚಿತ್ರ ತೆಗೆಯಲು ಬಂದಿದ್ದ ಇಟಲಿಯವನೊಬ್ಬ ಬೆವರು ಸುರಿಸಿಕೊಂಡು ಅಂಗಡಿಗೆ ನುಗ್ಗಿದ. ಹೆಸರು ಪಾವ್ಲೊ. ಕ್ಯಾಮೆರಾದೊಳಗೆ ಫಿಲ್ಮು ಸಿಕ್ಕಿಹಾಕಿಕೊಂಡಿತ್ತು. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾ ಬಿಚ್ಚಿ ಸುರುಳಿಯನ್ನು ಹುಷಾರಾಗಿ ತೆಗೆದುಕೊಟ್ಟೆ. ಅವನ ಕೊಕ್ಕರೆಗಳೆಲ್ಲ ಉಳಿದವು. ಊರಿಗೆ ಹೋದವನು ನೆನಪಿಟ್ಟುಕೊಂಡು ನನಗೊಂದು ಕಪ್ಪು ಬಾಟಲಿ ಕಳಿಸಿದ. ಒಳಗೆ ಗಟ್ಟಿ ಮೊಸರಿನಂಥ ವಸ್ತು. ಕೆಂಪು ದೀಪದಡಿ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಅದು ಕರಗುತ್ತದೆ. ಕರಗಿದ್ದನ್ನು ಗಾಜು, ಕಲ್ಲು, ಟೈಲ್ಸು, ಯಾವುದಕ್ಕೆ ಬಳಿದರೂ ಅದು ಫೋಟೋ ಕಾಗದದ ಕೆಲಸ ಮಾಡುತ್ತದೆ. ಮೇಲೆ ನೆಗೆಟಿವ್‌ನ ಬೆಳಕು ಬಿಟ್ಟು, ದ್ರಾವಣದಲ್ಲಿ ತೊಳೆದರೆ ಚಿತ್ರ ಏಳುತ್ತದೆ. ಮೊದಲ ಸಲ ಬಿಳಿ ಟೈಲ್ಸಿನ ಮೇಲೆ ನನ್ನ ಹೆಂಡತಿ ಸುಶೀಲಳ ಮುಖ ಎದ್ದು ಬಂದಾಗ ನಾನು ಕೂಗಿಕೊಂಡ ಸದ್ದಿಗೆ ಪಕ್ಕದ ಟೈಲರ್ ಓಡಿ ಬಂದಿದ್ದ.

ನಮ್ಮ ಕಡೆ ಒಕ್ಕಲು ಮಕ್ಕಳು ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅನುಕೂಲವಿದ್ದವರು ಮೇಲೊಂದು ಸಿಮೆಂಟಿನ ಕಟ್ಟೆ ಕಟ್ಟಿಸುತ್ತಾರೆ. ಆ ಕಟ್ಟೆಗೆ ಯಜಮಾನರ ಮುಖವಿರುವ ಟೈಲ್ಸು ಹಾಕಿದರೆ ಹೇಗೆ ಎಂದು ನನ್ನ ತಲೆಗೆ ಹೊಳೆಯಿತು. ಬಾಬುರಾಯನಕೊಪ್ಪಲಿನವರೊಬ್ಬರು ಮೊದಲು ಹಾಕಿಸಿದರು. ಆಮೇಲೆ ಪಾಂಡವಪುರದ ಕಡೆಯವರು, ಕೃಷ್ಣರಾಜಪೇಟೆಯ ಕಡೆಯವರು. ಬಿಂಡಿಗನವಿಲೆ ಪಕ್ಕದ ಹಳ್ಳಿಯ ಬೋರೇಗೌಡರದೂ ಒಂದು.

ಬೋರೇಗೌಡರು ಕುರಿ ಸಾಕಿ, ಹುರುಳಿ ರಾಗಿ ಬೆಳೆದು ಬದುಕಿದ ಮನುಷ್ಯ. ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ಮಚ್ಚೆ. ಹಾಲಿನ ಡೈರಿಯ ಕಾರ್ಡಿಗೆಂದು ನಾನೇ ತೆಗೆದಿದ್ದ ಒಂದು ಚಿತ್ರ ಬಿಟ್ಟರೆ ಬದುಕಿನಲ್ಲಿ ಇನ್ನೊಂದು ಫೋಟೋ ತೆಗೆಸಿಕೊಂಡವರಲ್ಲ. ಅವರು ತೀರಿಕೊಂಡ ಮೇಲೆ ಅದೇ ನೆಗೆಟಿವ್ ಹುಡುಕಿ ಟೈಲ್ಸು ಮಾಡಿಕೊಟ್ಟೆ. ಆ ವರ್ಷದ ಪಿತೃಪಕ್ಷದಲ್ಲಿ ಎಡೆ ಇಡುವ ಮೊದಲು ಹೆಂಡತಿ ನಿಂಗಮ್ಮ ಗಂಡನ ಮುಖಕ್ಕೆ ಸ್ನಾನ ಮಾಡಿಸಿದರು. ಹಂಡೆಯಲ್ಲಿ ಕಾಯಿಸಿದ ನೀರು, ಅರಿಸಿನ, ಮೇಲೊಂದು ಲೋಟ ಹಾಲು. ಅಂಗೈಯಲ್ಲಿ ಉಜ್ಜುತ್ತಿದ್ದ ಹಾಗೇ ಬೋರೇಗೌಡರ ಬಲಗಣ್ಣು, ಬಲಗೆನ್ನೆ, ಅರ್ಧ ಮೀಸೆ ಹಾಲಿನ ಕೆನೆಯ ಹಾಗೆ ಜಾರಿ ಆಕೆಯ ಕೈಗೆ ಬಂದವು.

ಸುದ್ದಿ ಕೇಳಿ ನಾನು ಹೋದೆ. "ತಣ್ಣೀರು ಬಟ್ಟೇಲಿ ಒರ್ಸಿದ್ರೆ ಸಾಕಾಗಿತ್ತಲ್ಲವ್ವ" ಅಂದೆ.

"ಅವ್ರು ಯಾವತ್ತಾದ್ರೂ ತಣ್ಣೀರ್ ಮುಟ್ಟೋರಾ? ಬೇಸ್ಗೇಲೂ ಅಂಡೆ ಕಾಯ್ಸೇ ಉಯ್ದಿವ್ನಿ ಕನಪ್ಪ. ಸತ್ರು ಅಂತ ತಣ್ಣೀರ್ ಉಯ್ಯದಾ?" ಎಂದರು ನಿಂಗಮ್ಮ.

ಜಗಲಿಯ ಮೇಲೆ ಕೂತಿದ್ದ ಆಕೆಯ ಮೈದುನ ಎಲೆ ಅಡಿಕೆ ಉಗಿದು ಬಂದು, "ನಮ್ಮಣ್ಣ ಮುನಿಸ್ಕೊಂಡು ಒಂಟೋದ ಬುಡು. ಎಂಡ್ರ ಕೈಲೇ ಮುಕ ಅಳ್ಸುಸ್ಕೊಂಡ ಮೇಲೆ ಇನ್ನೆಲ್ಲಿ ನಿಂತಾನು" ಅಂದ. ಅವನು ಆಡಿದ್ದು ಅಷ್ಟೇ. ಆದರೆ ಅಂದಿನಿಂದ ನಿಂಗಮ್ಮ ಆ ಹೊಲದ ಕಡೆ ಕಾಲಿಡಲಿಲ್ಲ. ದಿನಾ ಸಂಜೆ ಕಟ್ಟೆಯ ಹತ್ತಿರ ಹೋಗಿ ಕೂತು, ಯಾವ ಕುರಿ ಈಯಿತು, ಯಾರ ಮನೆಗೆ ನೆಂಟರು ಬಂದರು ಎಂದು ಗಂಡನಿಗೆ ಹೇಳಿ ಬರುತ್ತಿದ್ದ ಹೆಂಗಸು ಅದು.

ಇನ್ನೊಂದು ಮಾಡಿಕೊಡುತ್ತೇನೆ ಎಂದೆ. "ಬ್ಯಾಡ ಕನಪ್ಪ. ಇನ್ನೊಂದ್ಸಲ ನನ್ ಕೈಯಾರೆ ಅಳುಸ್ನಾರೆ. ಮುಟ್ಟಾಕಾಗ್ದಿದ್ ಮುಕ ಮಡಿಕಂಡು ನಾನೇನ್ ಮಾಡ್ಲಿ?" ಎಂದು ಒಳಗೆ ಹೋಗಿಬಿಟ್ಟರು. ಮೈದುನನನ್ನು ಕೇಳಿ ಕಟ್ಟೆಯಿಂದ ಆ ಅರ್ಧ ಮುಖದ ಟೈಲ್ಸನ್ನು ಬಿಡಿಸಿಕೊಂಡು ನಾಗಮಂಗಲದ ಬಸ್ಸು ಹತ್ತಿದೆ.

ಎಸ್‌ಟಿಡಿ ಬೂತಿನಿಂದ ಪಾವ್ಲೊನಿಗೆ ಫೋನ್ ಮಾಡಿದೆ. ಅವನ ನಾಲಗೆಯಲ್ಲಿ ನಾನು ಸಿದಾನೊ. ಪೂರ್ತಿ ಕೇಳಿದವನೇ, "ಸಿದಾನೊ, ಇದು ನನ್ನ ಅಮ್ಮನ ಕೆಲಸ. ಅವಳ ವರ್ಕ್‌ಶಾಪಿನಲ್ಲಿ ಮಾಡೋದೇ ಸಮಾಧಿಯ ಫೋಟೋ. ಬಂದುಬಿಡು" ಅಂದ. ಟಿಕೆಟ್ಟನ್ನೂ ಅವನೇ ಕಳಿಸಿದ. ಕೊಕ್ಕರೆಗಳ ಋಣ ಅಂತೆ.

ರೋಮ್, ವಿಮಾನ ನಿಲ್ದಾಣ

ಬ್ಯಾಗಿನಲ್ಲಿ ಇದ್ದದ್ದು ಬಟ್ಟೆ, ಸುಶೀಲ ಕಟ್ಟಿಕೊಟ್ಟ ಚಟ್ನಿಪುಡಿ, ಬೋರೇಗೌಡರ ನೆಗೆಟಿವ್ ಮತ್ತು ಟವೆಲ್ಲಿನಲ್ಲಿ ಸುತ್ತಿದ ಅವರ ಅರ್ಧ ಮುಖ. ಚಟ್ನಿಪುಡಿಗೆ ತೊಂದರೆಯಾಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಅದನ್ನು ಯಾರೂ ಮೂಸಿ ಕೂಡ ನೋಡಲಿಲ್ಲ. ಸಮವಸ್ತ್ರದ ಹುಡುಗಿಯೊಬ್ಬಳು ಟವೆಲ್ಲು ಬಿಚ್ಚಿದಳು. ಒಂದು ಕಣ್ಣು, ಅರ್ಧ ಮೀಸೆ, ಸುತ್ತ ಒಣಗಿದ ಅರಿಸಿನ ಕುಂಕುಮದ ಕಲೆ.

"ಇವರು ಯಾರು?"

"ನನ್ನ ಕಸ್ಟಮರ್."

"ಎಲ್ಲಿದ್ದಾರೆ?"

"ಡೆಡ್" ಅಂದೆ. ಗಾಬರಿಯಲ್ಲಿ ನನ್ನ ಹರುಕು ಇಂಗ್ಲಿಷು ಅಷ್ಟಕ್ಕೇ ನಿಂತಿತು. ಕಲೆಯ ಮೇಲೆ ಬೆರಳಿಟ್ಟು ಇದೇನು ಎಂದಳು. ಕುಂಕುಮ ಎಂದರೆ ಅವಳಿಗೆ ಹೇಗೆ ಗೊತ್ತಾಗಬೇಕು? ಹಣೆ ಮುಟ್ಟಿ ತೋರಿಸಿದೆ. ಅವಳು ಏನೆಂದುಕೊಂಡಳೋ, ಇನ್ನಿಬ್ಬರನ್ನು ಕರೆದಳು. ಅವರು ಟೈಲ್ಸನ್ನು ತಿರುಗಿಸಿ, ತಟ್ಟಿ, ನನ್ನ ಮುಖ ನೋಡಿದರು. ಕೊನೆಗೆ ಅವರಲ್ಲಿ ಹಿರಿಯ ಗಂಡಸು ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಸಮಾಧಿಗಾ ಎಂದು ಸನ್ನೆಯಲ್ಲೇ ಕೇಳಿದ. ಹೌದೆಂದು ತಲೆ ಹಾಕಿದೆ. ಅವನು ಟೈಲ್ಸನ್ನು ತಾನೇ ಟವೆಲ್ಲಿನಲ್ಲಿ ಸುತ್ತಿ, ಮೂಲೆಗಳನ್ನು ಒಳಕ್ಕೆ ಮಡಚಿ, ಮಗುವನ್ನು ಕೊಡುವ ಹಾಗೆ ಎರಡು ಕೈಯಲ್ಲಿ ಕೊಟ್ಟ. ಆ ದೇಶದ ಮೇಲೆ ನನಗೆ ಮರ್ಯಾದೆ ಹುಟ್ಟಿದ್ದು ಅಲ್ಲೇ.

ಫಯೆಂಜಾ ಪಕ್ಕದ ಹಳ್ಳಿ

ಫಯೆಂಜಾ ಪಿಂಗಾಣಿ ಕೆಲಸಕ್ಕೆ ಹೆಸರಾದ ಊರು. ಅಲ್ಲಿಂದ ಸ್ವಲ್ಪ ದೂರ ಪಾವ್ಲೊನ ಹಳ್ಳಿ. ದ್ರಾಕ್ಷಿ ತೋಟ ತೆಗೆದು ಕಬ್ಬು ನೆಟ್ಟರೆ ಥೇಟ್ ಪಾಂಡವಪುರದ ಬಯಲು. ಮಧ್ಯಾಹ್ನ ಅಂಗಡಿಗಳಿಗೆಲ್ಲ ಬಾಗಿಲು ಹಾಕಿ, ಊರಿಗೆ ಊರೇ ಉಂಡು ಮಲಗುತ್ತದೆ. ನಾನು ಮಧ್ಯಾಹ್ನ ಅಂಗಡಿಯಲ್ಲಿ ತೂಕಡಿಸಿದರೆ ಸುಶೀಲ ಬೈಯುತ್ತಾಳೆ. ಅವಳನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಬೇಕು.

ಪಾವ್ಲೊನ ತಾಯಿಯ ಹೆಸರು ಚೆಚಿಲಿಯಾ. ನಾನು ಮೊದಲ ದಿನವೇ ಚೆಚಿಲಿಯಮ್ಮ ಎಂದೆ. ಆಕೆಗೆ ಅದು ಹಿಡಿಸಿತು. ಎಪ್ಪತ್ತು ದಾಟಿದ ವಿಧವೆ, ಗಟ್ಟಿ ಗಂಟಲು, ಕೈಬೆರಳುಗಳ ತುದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಬಣ್ಣ. ಆಕೆಗೆ ಇಂಗ್ಲಿಷು ಬಾರದು, ನನಗೆ ಇಟಾಲಿಯನ್ ಬಾರದು. ನಡುವೆ ಪಾವ್ಲೊ ನಿಂತು ಎರಡೂ ಕಡೆಯ ಮಾತು ಹೊತ್ತು ಹಾಕುತ್ತಿದ್ದ. ಅವನಿಲ್ಲದಾಗ ನಾನು ಕನ್ನಡದಲ್ಲೇ ಮಾತಾಡುತ್ತಿದ್ದೆ, ಆಕೆ ಅವರ ಭಾಷೆಯಲ್ಲಿ. ಜಗಳ ಮಾತ್ರ ಬರಲಿಲ್ಲ.

ಮೊದಲ ಮಧ್ಯಾಹ್ನದ ಊಟಕ್ಕೆ ತಟ್ಟೆಯಲ್ಲಿ ಹಳದಿ ಮುದ್ದೆ ಬಂತು. ಮೆಕ್ಕೆಜೋಳದ ಹಿಟ್ಟನ್ನು ಪಾತ್ರೆಯಲ್ಲಿ ಕೋಲಿನಿಂದ ತಿರುವಿ ತಿರುವಿ ಬೇಯಿಸಿದ್ದು, ಮೇಲೆ ಸಾರು. ಅಲ್ಲಿ ಅದಕ್ಕೆ ಪೊಲೆಂತಾ ಅನ್ನುತ್ತಾರೆ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೈ ತೊಳೆದು ಬಂದು, ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗತೊಡಗಿದೆ. ತಾಯಿ ಮಗ ಚಮಚ ಕೆಳಗಿಟ್ಟು ನನ್ನ ಗಂಟಲನ್ನೇ ನೋಡುತ್ತಿದ್ದರು. ನಾಲ್ಕನೇ ತುತ್ತಿಗೆ ಚೆಚಿಲಿಯಮ್ಮ ತಡೆಯಲಾರದೆ ನನ್ನ ಬೆನ್ನು ಗುದ್ದಿ ನೀರು ಕೊಟ್ಟರು. ಅಗಿಯಬಾರದು, ಹೀಗೇ ತಿನ್ನುವುದು ಎಂದು ಪಾವ್ಲೊನಿಂದ ಹೇಳಿಸಿದೆ. ಆಕೆಯೂ ಒಂದು ತುತ್ತು ಹಾಗೇ ನುಂಗಿ ನೋಡಿ, ಹೊಟ್ಟೆಗೆ ಬೇಗ ಹೋಗುತ್ತದೆ ಎಂದು ಒಪ್ಪಿಕೊಂಡರು.

ಊಟ ಮುಗಿದ ಮೇಲೆ ಟವೆಲ್ಲು ಬಿಚ್ಚಿದೆ. ಆಕೆ ಕನ್ನಡಕ ಹಾಕಿಕೊಂಡು ಬೋರೇಗೌಡರನ್ನು ಬಹಳ ಹೊತ್ತು ನೋಡಿದರು. ಅಂಚಿನಲ್ಲಿ ಉಗುರಿನಿಂದ ಕೆರೆದರು. ಒಂದು ಮೂಲೆಯನ್ನು ತಣ್ಣೀರಿನಲ್ಲಿ ಅದ್ದಿದರು, ಏನೂ ಆಗಲಿಲ್ಲ. ಬಿಸಿನೀರಿನಲ್ಲಿ ಅದ್ದಿದರು, ಚರ್ಮ ಸುಲಿದ ಹಾಗೆ ಎದ್ದು ಬಂತು.

ಆಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಬಾಟಲಿಯ ವಸ್ತುವನ್ನು ಕರಗಿಸಲು ಬಿಸಿನೀರಿನಲ್ಲಿ ಇಡುತ್ತಿದ್ದವನು ನಾನೇ. ಬಿಸಿನೀರಿಗೆ ಕರಗುವುದು ಒಣಗಿದ ಮೇಲೂ ಬಿಸಿನೀರಿಗೆ ಕರಗುತ್ತದೆ. ಎದುರಿಗೇ ಇದ್ದದ್ದು ಕಾಣಲು ಸಮುದ್ರ ದಾಟಿ ಬರಬೇಕಾಯಿತು.

ಬಿಸಿನೀರು ಯಾರು ಹಾಕಿದ್ದು ಎಂದು ಆಕೆ ಕೇಳಿದರು. ನಿಂಗಮ್ಮನ ಕಥೆ ಹೇಳಿದೆ. ಪಾವ್ಲೊ ತನ್ನ ಮಾತಿನಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಅವನ ದನಿ ಸಣ್ಣಗಾಗಿತ್ತು. ಇನ್ನು ಮುಂದೆ ಯಾರೂ ನೀರು ತಾಗಿಸಬಾರದು ಎಂದು ಕಟ್ಟೆಯ ಮೇಲೇ ಬರೆಸಿಬಿಡಲೇ ಎಂದು ಕೇಳಿದೆ. ಚೆಚಿಲಿಯಮ್ಮ ನನ್ನನ್ನು ಗದರಿಸಿದರು. ಪಾವ್ಲೊ ಹೇಳಿದ್ದು ಹೀಗೆ: "ಆ ಹೆಂಗಸು ಮಾಡಿದ್ದು ಸರಿ ಅಂತಾಳೆ ಅಮ್ಮ. ಅವಳ ಕೈ ಬದಲಾಗಬೇಕಾಗಿಲ್ಲ, ಫೋಟೋ ಬದಲಾಗಬೇಕು."

ಸೇವಂತಿಗೆ

ಆ ವಾರ ಸಂತೆಯ ತುಂಬ ಸೇವಂತಿಗೆ. ಹಳದಿ, ಬಿಳಿ, ಕೆಂಗಂದು. ಒಂದೊಂದು ಹೂವೂ ಮುಷ್ಟಿ ಗಾತ್ರ. ನಮ್ಮ ಹಬ್ಬದ ಸೇವಂತಿಗೆಯನ್ನು ಇಷ್ಟು ದೂರದಲ್ಲಿ ಕಂಡು ನನಗೆ ಊರಿನವರು ಸಿಕ್ಕಷ್ಟು ಸಂತೋಷವಾಯಿತು. ಉಂಡ ಮನೆಗೆ ಏನಾದರೂ ಕೊಡಬೇಕಲ್ಲ? ಇದ್ದುದರಲ್ಲಿ ದೊಡ್ಡ ಹಳದಿ ಹೂವಿನ ಕುಂಡ ಕೊಂಡು ಹೊತ್ತು ತಂದೆ. ಶುಕ್ರವಾರ ಬೇರೆ. ಹೊಸ್ತಿಲ ಪಕ್ಕದಲ್ಲಿಟ್ಟು, ನಾಲ್ಕು ಹೂವು ಕಿತ್ತು ಹೊಸ್ತಿಲಿಗೂ ಇಟ್ಟು, ಚೆನ್ನಾಗಿ ಕಾಣುತ್ತದೆ ಎಂದುಕೊಂಡು ಒಳಗೆ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಆಕೆಯ ಹಿಂದೆ ಇನ್ನೊಬ್ಬಳು. ಯಾರೋ ಹೇಳಿ ಕಳಿಸಿದರೆಂದು ಕಾಣುತ್ತದೆ, ಪಾವ್ಲೊ ಸೈಕಲ್ಲು ಬೀದಿಯಲ್ಲೇ ಬಿಸಾಕಿ ಓಡಿ ಬಂದ. ಮುಖ ಸುಣ್ಣದಂತಾಗಿತ್ತು. "ಅಮ್ಮ ಎಲ್ಲಿ?" ಎಂದು ಕೂಗಿದ.

ಅಮ್ಮ ಹಿತ್ತಲಿನಿಂದ ಸೊಪ್ಪು ಹಿಡಿದುಕೊಂಡು ಬಂದರು.

ಆ ದೇಶದಲ್ಲಿ ಸೇವಂತಿಗೆ ಸತ್ತವರ ಹೂವು. ಸಮಾಧಿಗೆ ಬಿಟ್ಟರೆ ಇನ್ನೆಲ್ಲಿಗೂ ಒಯ್ಯುವುದಿಲ್ಲ. ಸತ್ತವರ ಹಬ್ಬ ಹತ್ತಿರ ಬಂದಿದ್ದರಿಂದಲೇ ಸಂತೆಯಲ್ಲಿ ಅಷ್ಟು ಹೂವು. ನಾನು ಬದುಕಿರುವ ಮುದುಕಿಯ ಹೊಸ್ತಿಲಿಗೆ ಅದನ್ನು ಶೃಂಗಾರ ಮಾಡಿ ಇಟ್ಟಿದ್ದೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನಮ್ಮಲ್ಲಿ ಇದನ್ನು ದೇವರಿಗೆ ಮುಡಿಸುತ್ತೇವೆ, ಹೆಂಗಸರು ತಲೆಗೆ ಮುಡಿಯುತ್ತಾರೆ ಎಂದು ತೊದಲಿದೆ.

ಚೆಚಿಲಿಯಮ್ಮ ಕುಂಡವನ್ನು ನೋಡಿದರು, ನನ್ನನ್ನು ನೋಡಿದರು, ಕುರ್ಚಿ ಹಿಡಿದುಕೊಂಡು ನಗಲು ಶುರುಮಾಡಿದರು. ಕಣ್ಣೀರು ಬರುವ ತನಕ ನಕ್ಕರು. "ಇಷ್ಟು ಬೇಗ ಕಳಿಸುತ್ತೀಯಾ ನನ್ನನ್ನು?" ಎಂದು ಮಗನ ಬಾಯಲ್ಲಿ ಕೇಳಿಸಿದರು. ಆಮೇಲೆ ಒಂದು ಹೂವು ಮುರಿದು, ಹೆಂಗಸರು ಮುಡಿಯುವುದು ಎಲ್ಲಿ ಎಂದು ಸನ್ನೆ ಮಾಡಿದರು. ತೋರಿಸಿದೆ. ಬಿಳಿ ಕೂದಲಿನ ಗಂಟಿಗೆ ಸಿಕ್ಕಿಸಿಕೊಂಡೇ ಬಿಟ್ಟರು. ಪಾವ್ಲೊ "ಅಮ್ಮಾ!" ಎಂದು ಕಿರುಚಿದ. ಆಕೆ ಆ ಹೂವು ಮುಡಿದುಕೊಂಡೇ ರಾತ್ರಿಯ ಅಡುಗೆ ಮಾಡಿದರು. ಇಂಥ ಹೆಂಗಸನ್ನು ನಾನು ಕಂಡಿರಲಿಲ್ಲ.

ಸತ್ತವರ ಹಬ್ಬ

ಉಳಿದ ಸೇವಂತಿಗೆಯನ್ನು ಅದರ ಸರಿಯಾದ ಜಾಗಕ್ಕೆ ಒಯ್ಯುವ ದಿನ ಬಂತು. ಚೆಚಿಲಿಯಮ್ಮನ ಒಂದು ಕೈಯಲ್ಲಿ ಬಕೆಟ್ಟು, ಬ್ರಷ್ಷು, ಬಟ್ಟೆ, ಇನ್ನೊಂದರಲ್ಲಿ ಫ್ಲಾಸ್ಕು. ಕಾಫಿಯಿರಬೇಕು ಎಂದುಕೊಂಡೆ.

ಊರಾಚೆ ಎತ್ತರದ ಗೋಡೆ, ನೆಟ್ಟಗೆ ನಿಂತ ಕಪ್ಪು ಹಸಿರು ಮರಗಳು, ಒಳಗೆ ಸ್ಮಶಾನ. ಸ್ಮಶಾನ ಎಂದರೆ ನಮ್ಮ ಹಾಗೆ ಮುಳ್ಳುಗಿಡ, ಒಡೆದ ಮಡಕೆ ಅಲ್ಲ. ಗುಡಿಸಿ ಒರೆಸಿದ ಓಣಿಗಳು. ಅಂಚೆ ಕಚೇರಿಯ ಪೆಟ್ಟಿಗೆಗಳ ಹಾಗೆ ಗೋಡೆಯುದ್ದಕ್ಕೂ ಸಮಾಧಿಗಳು, ಒಂದೊಂದರ ಮೇಲೂ ಮೊಟ್ಟೆಯಾಕಾರದ ಪಿಂಗಾಣಿ ಫೋಟೋ. ನಾನು ಕಸುಬುದಾರ, ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದೆ. ಮೀಸೆ ತಿರುವಿದ ಸಿಪಾಯಿ, ಸೈಕಲ್ಲು ಹಿಡಿದು ನಿಂತ ಹುಡುಗ, ಜಡೆ ಸುತ್ತಿ ಕಟ್ಟಿದ ಮದುವಣಗಿತ್ತಿ. ಕೆಲವು ನನ್ನ ಅಪ್ಪ ಹುಟ್ಟುವ ಮೊದಲಿನವು. ಅಷ್ಟು ಮಳೆ, ಹಿಮ, ಬಿಸಿಲು ಕಂಡ ಮುಖಗಳಲ್ಲಿ ರೆಪ್ಪೆಯ ಕೂದಲು ಕೂಡ ಮಾಸಿರಲಿಲ್ಲ. ಇವನ್ನು ಬಣ್ಣದ ಪುಡಿಯಲ್ಲಿ ಬರಿಸಿ, ಕುಲುಮೆಯಲ್ಲಿ ಸುಡುತ್ತಾರೆ. ಚಿತ್ರ ಪಿಂಗಾಣಿಯ ಮೈಯೊಳಗೇ ಸೇರಿಬಿಡುತ್ತದೆ. ಮಾಡಿದವರ ಕೈಗೆ ನಾನು ಅಲ್ಲೇ ನಿಂತು ನಮಸ್ಕಾರ ಮಾಡಿದೆ.

ಹೆಂಗಸರೆಲ್ಲ ತಂತಮ್ಮವರ ಮುಖ ತೊಳೆಯುತ್ತಿದ್ದರು. ಮೇಲಿನ ಸಾಲಿನವರಿಗೆ ಏಣಿ ಹತ್ತಿ ತೊಳೆಯುತ್ತಿದ್ದರು. ತೊಳೆಯುತ್ತ ಅಕ್ಕಪಕ್ಕದವರ ಜೊತೆ ಹರಟೆ, ನಡುನಡುವೆ ಸತ್ತವರ ಜೊತೆಗೂ ಒಂದು ಮಾತು. ಒಬ್ಬಾಕೆ ಗಂಡನ ಕೆನ್ನೆಗೆ ಬೆರಳಿನಿಂದ ಹೊಡೆದು ಏನೋ ಬೈದಳು. ನನಗೆ ಬಿಂಡಿಗನವಿಲೆಯ ಹೊಲ ಕಣ್ಣಿಗೆ ಕಟ್ಟಿತು.

ಚೆಚಿಲಿಯಮ್ಮ ಗಂಡನ ಕಲ್ಲಿನ ಮುಂದೆ ನಿಂತು ಫ್ಲಾಸ್ಕಿನ ಮುಚ್ಚಳ ತೆಗೆದರು. ಹಬೆ ಬಂತು. ಬಿಸಿನೀರು. ಬಟ್ಟೆ ಅದ್ದಿ ಹಿಂಡಿ, ಆ ದುಂಡು ಮುಖದ ಮನುಷ್ಯನ ಹಣೆ, ಕಿವಿಯ ಹಿಂದೆ, ಕತ್ತು ಎಲ್ಲ ಒರೆಸಿದರು.

"ಬಿಸಿನೀರು ಯಾಕೆ?" ಎಂದು ಕೇಳಿದೆ.

"ಚಳಿ. ನನ್ನ ಕೈ ಮರಗಟ್ಟುತ್ತೆ" ಎಂದರು. ಆಮೇಲೆ ಗಂಡನ ಕಡೆ ಗಲ್ಲ ತೋರಿಸಿ, "ಇವನಿಗೂ" ಎಂದರು.

ಅಷ್ಟರಲ್ಲಿ ಪಕ್ಕದ ಫೋಟೋ ನನ್ನ ಕಣ್ಣಿಗೆ ಬಿತ್ತು. ಅದೇ ಕಲ್ಲಿನ ಮೇಲೆ, ಗಂಡನ ಬಲಕ್ಕೆ, ಚೆಚಿಲಿಯಮ್ಮನದೇ ಮುಖ! ಕೆಳಗೆ ಹೆಸರು, ಹುಟ್ಟಿದ ವರ್ಷ, ಒಂದು ಗೀಟು, ಗೀಟಿನ ಆಚೆ ಖಾಲಿ. ನನ್ನ ಬಾಯಿಂದ "ಅಯ್ಯೋ, ಬಿಡ್ತು ಅನ್ನಿ" ಎಂದು ಗಟ್ಟಿಯಾಗಿಯೇ ಬಂತು. ಆಕೆ ನಿರಾಳವಾಗಿ ಫೋಟೋದೊಳಗಿನ ತನ್ನ ಮುಖಕ್ಕೂ ಬಿಸಿನೀರು ಹಾಕಿ ಒರೆಸಿದರು. ನಾನು ಕಕ್ಕಾಬಿಕ್ಕಿಯಾದದ್ದು ನೋಡಿ ಪಾವ್ಲೊನ ಕಡೆ ತಿರುಗಿ ಹೇಳಿದರು. ಅವನು ಮುಜುಗರದಿಂದ ಹೇಳಿದ: "ನನ್ನ ಮೇಲೆ ಬಿಟ್ಟರೆ ಕಣ್ಣು ಕಿರಿದಾಗಿರೋ ಫೋಟೋ ಹಾಕ್ತೀನಂತೆ. ಅದಕ್ಕೆ ತಾನೇ ಆರಿಸಿ ಹಾಕಿಕೊಂಡಿದ್ದಾಳೆ."

ಸೇವಂತಿಗೆಯ ಕುಂಡವನ್ನು ಇಬ್ಬರ ನಡುವೆ ಇಟ್ಟು ಮನೆಗೆ ಬಂದೆವು.

ಕತ್ತಲೆ ಕೋಣೆ

ನಿಂಗಮ್ಮನಿಗೆ ಕುಲುಮೆಯಲ್ಲಿ ಸುಟ್ಟ ಫೋಟೋ ಒಂದು ಮಾಡಿಕೊಡುತ್ತೇನೆ, ಒಯ್ಯಿ ಎಂದರು ಚೆಚಿಲಿಯಮ್ಮ. ಆಸೆಯಾಯಿತು. ಆದರೆ ಪಾಂಡವಪುರದವರು, ಕೃಷ್ಣರಾಜಪೇಟೆಯವರು? ಅವರ ಮನೆಯ ಬೋರೇಗೌಡರುಗಳೂ ಇಂದಲ್ಲ ನಾಳೆ ಬಿಸಿನೀರಿಗೆ ಸಿಕ್ಕೇ ಸಿಗುತ್ತಾರೆ. ಅಂಥ ಕುಲುಮೆ ನಾನು ಎಲ್ಲಿಂದ ತರಲಿ? ನನ್ನ ಕೋಣೆಯಲ್ಲಿ, ನನ್ನ ಕೈಯಲ್ಲಿ ಆಗುವಂಥದು ಬೇಕು ಎಂದೆ. ಆಕೆ ಮೆಚ್ಚಿದರೆಂದು ಕಾಣುತ್ತದೆ, ಭುಜಕ್ಕೆ ಒಂದು ಏಟು ಹಾಕಿದರು.

ನಿಮ್ಮ ಊರಿನಲ್ಲಿ ಏನೇನು ಸಿಗುತ್ತದೆ ಎಂದು ಕೇಳಿದರು. ಕಟ್ಟು ಹಾಕಿಸುವ ಗಾಜು, ಬಚ್ಚಲ ಟೈಲ್ಸು, ಪಟಿಕ, ಮರಕ್ಕೆ ಬಳಿಯುವ ವಾರ್ನಿಷ್ಷು, ಮೈಸೂರಿನಲ್ಲಿ ಮೀನಿನ ತೊಟ್ಟಿ ಅಂಟಿಸುವ ಗೋಂದು. ಒಂದೊಂದಕ್ಕೂ ತಲೆ ಹಾಕುತ್ತ ಹೋದರು. ಆಮೇಲೆ ಹಿತ್ತಲಿಗೆ ಹೋಗಿ, ಅಡುಗೆಮನೆಯ ಕಿಟಕಿಯ ಗಾಜಿಗೆ ಹೊರಗಡೆಯಿಂದ ಅಂಗೈ ಇಟ್ಟು, ಒಳಗಡೆಯಿಂದ ಅದನ್ನು ಮುಟ್ಟು ಎಂದು ನನಗೆ ಸನ್ನೆ ಮಾಡಿದರು. ಮುಟ್ಟಿದೆ. ಸಿಕ್ಕಿದ್ದು ಗಾಜು. ಕೈ ಕಾಣುತ್ತದೆ, ಸಿಗುವುದಿಲ್ಲ.

ಆಗ ನನಗೆ ಹೊಳೆಯಿತು. ಚಿತ್ರವನ್ನು ಟೈಲ್ಸಿನ ಮೇಲಲ್ಲ, ಗಾಜಿನ ಬೆನ್ನಿಗೆ ಬರಿಸುವುದು. ಹಿಂದೆ ಬಿಳಿ ಟೈಲ್ಸು ಒತ್ತಿ, ಸುತ್ತ ಅಂಚನ್ನು ಮೀನಿನ ತೊಟ್ಟಿಯ ಗೋಂದಿನಿಂದ ಮುಚ್ಚುವುದು. ಮುಖ ಎರಡರ ನಡುವೆ ಬೆಚ್ಚಗಿರುತ್ತದೆ. ನೀರು, ಹಾಲು, ಅರಿಸಿನ ಎಲ್ಲ ಗಾಜಿನ ಮೇಲೆ ಹರಿದು ಹೋಗುತ್ತದೆ.

ಹೇಳಿದಷ್ಟು ಸುಲಭ ಇರಲಿಲ್ಲ. ನೀರು ಹನಿ ಕಟ್ಟದೆ ಹಾಳೆಯ ಹಾಗೆ ಜಾರುವ ತನಕ ಗಾಜನ್ನು ಸೋಡಾಪುಡಿಯಲ್ಲಿ ಉಜ್ಜಿಸಿದರು. ನನಗೆ ಶುಭ್ರ ಎನಿಸಿದ್ದು ಆಕೆಗೆ ಕೊಳಕು. ಮತ್ತೆ ಉಜ್ಜಿದೆ. ಪಟಿಕ ಬೆರೆಸಿದ ತೆಳು ಲೇಪ ಮೊದಲು, ಆಮೇಲೆ ಬಾಟಲಿಯ ಮೊಸರು. ಚಿತ್ರ ಎದ್ದ ಮೇಲೂ ಪಟಿಕದ ನೀರಿನಲ್ಲಿ ಅದ್ದಿಟ್ಟು ಗಟ್ಟಿ ಮಾಡಬೇಕು. ಅದು ಪೂರ್ತಿ ಒಣಗುವ ಮೊದಲು ಮೇಲೆ ಬಳಿಯುವ ವಾರ್ನಿಷ್ ಮುಟ್ಟಿದರೆ ಬೆರಳ ಮೇಲೆ ಏಟು. ನನಗೆ ಒಣಗುವುದಕ್ಕೆ ಕಾಯುವ ಸ್ವಭಾವವಿಲ್ಲ. ನಮ್ಮಲ್ಲಿ ಗಿರಾಕಿ ಬಾಗಿಲಲ್ಲೇ ನಿಂತಿರುತ್ತಾನೆ. ಆಕೆ ಕಾಯುತ್ತ ಬೀನ್ಸು ಸೋಸುತ್ತಿದ್ದರು.

ಮೊದಲ ಗಾಜು ಒಣಗಿತು. ಟೈಲ್ಸು ಒತ್ತಿ ತಿರುಗಿಸಿದೆ. ಬೋರೇಗೌಡರು ಪೂರ್ತಿ ಮುಖದಿಂದ ನನ್ನನ್ನು ನೋಡುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿ. ಚೆಚಿಲಿಯಮ್ಮ ಹೋಗಿ, ಊರಿನಿಂದ ತಂದ ಅರ್ಧ ಮುಖವನ್ನು ತಂದು ಪಕ್ಕಕ್ಕಿಟ್ಟರು. ಅದರಲ್ಲಿ ಮಚ್ಚೆ ಈ ಕಡೆ, ಇದರಲ್ಲಿ ಆ ಕಡೆ. ಗಾಜಿನ ಬೆನ್ನಿಗೆ ಬರಿಸಿದ್ದನ್ನು ಮುಂದಿನಿಂದ ನೋಡಿದರೆ ಎಡಬಲ ತಿರುಗುತ್ತದೆ. ನೆಗೆಟಿವನ್ನು ಮಗುಚಿ ಹಾಕಬೇಕಿತ್ತು. ಜೀವಮಾನವೆಲ್ಲ ನೆಗೆಟಿವ್ ಹಿಡಿದವನು ನಾನು! "ಇವನನ್ನು ಹೆಂಡತಿ ಮನೆಗೆ ಸೇರಿಸಲ್ಲ" ಎಂದರು ಆಕೆ.

ಮಚ್ಚೆ ತಪ್ಪಿದ ಬೋರೇಗೌಡರನ್ನು ಪರೀಕ್ಷೆಗೆ ಇಟ್ಟೆವು. ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಆಕೆ ನೇರ ಮೇಲೆ ಸುರಿದರು. ಚಟ್ ಎಂದು ಗಾಜಿಗೆ ಮೂಲೆಯಿಂದ ಮೂಲೆಗೆ ಬಿರುಕು ಬಿತ್ತು. ಆದರೆ ಬಿರುಕಿನ ಹಿಂದೆ ಮುಖ ಹಾಗೇ ಇತ್ತು, ಒಂದು ಕೂದಲೂ ಜಾರಿರಲಿಲ್ಲ. ಕುದಿಯುವ ನೀರು ಬೇಡ, ಮೈಗೆ ಹಾಕುವ ಹದ ಸಾಕು ಎಂದು ಹೇಳು ಅವಳಿಗೆ ಎಂದರು. ನಿಂಗಮ್ಮನಿಗೆ ನಾನು ಏನನ್ನಾದರೂ ಹೇಳಿ ಒಪ್ಪಿಸುವುದು ಎಷ್ಟು ಕಷ್ಟ ಎಂದು ಪಾಪ ಆಕೆಗೆ ಗೊತ್ತಿಲ್ಲ.

ಎರಡನೆಯದು ಸರಿಯಾಗಿ ಬಂತು. ಹೊರಡುವ ದಿನ ಆಕೆಯೇ ಅದನ್ನು ತಮ್ಮ ಉಣ್ಣೆಯ ಶಾಲಿನಲ್ಲಿ ಸುತ್ತಿದರು. ಶಾಲೂ ಆ ಹೆಂಗಸಿಗೇ ಎಂದರು. ನಾನು ಕಾಲಿಗೆ ಬಿದ್ದೆ. ಏನೋ ಬಿದ್ದುಹೋಗಿದೆ ಎಂದುಕೊಂಡು ಆಕೆಯೂ ಬಗ್ಗಿ ನೆಲ ಹುಡುಕಿದರು.

ಬಿಂಡಿಗನವಿಲೆ

ನಿಂಗಮ್ಮ ಶಾಲನ್ನು ಹೊದ್ದುಕೊಂಡರು, ಒಳಗಿದ್ದದ್ದನ್ನು ಬಿಚ್ಚಿ ನೋಡಲಿಲ್ಲ. "ಹೊಲದ ತಾವ್ಕೇ ತತ್ತಾ" ಎಂದರು. ಅಷ್ಟು ದಿನ ಕಾಲಿಡದ ಹೊಲ. ಹಂಡೆಗೆ ಉರಿ ಹಾಕಿ, ನೀರು ಕಾದ ಮೇಲೆ ಬಿಂದಿಗೆಗೆ ಬಗ್ಗಿಸಿಕೊಂಡು ತಾವೇ ಸೊಂಟದ ಮೇಲೆ ಹೊತ್ತು ನಡೆದರು. ಮೈದುನ ಏನಾಗುತ್ತದೋ ನೋಡೋಣ ಎಂದು ಹಿಂದೆಯೇ ಬಂದ.

ಕಟ್ಟೆಯ ಗೂಡಿನಲ್ಲಿ ಬೋರೇಗೌಡರನ್ನು ಒರಗಿಸಿ ಕೂರಿಸಿದೆ. ಬಿಂದಿಗೆಯ ಬಾಯಲ್ಲಿ ಹಬೆ ಆಡುತ್ತಿತ್ತು. ನನ್ನ ಕಿವಿಯಲ್ಲಿ ಆ ಚಟ್ ಸದ್ದು. "ಅವ್ವ, ನೀರು ಬೋ ಕಾದಿದ್ರೆ ಗಾಜು ಸೀಳ್ಬುಡ್ತದೆ. ವಸಿ ಆರ್ಲಿ" ಅಂದೆ.

ನಿಂಗಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೊಣಕೈ ಅದ್ದಿ ನೋಡಿದರು. ತೊಟ್ಟಿಯಿಂದ ಒಂದು ಚೆಂಬು ತಣ್ಣೀರು ತಂದು ಬೆರೆಸಿದರು. ಮತ್ತೆ ಮೊಣಕೈ ಅದ್ದಿದರು. "ಇಷ್ಟ್ ವರ್ಸ ಮೀಯ್ಸಿವ್ನಿ. ಅವ್ರ ನೀರಿನ್ ಅದ ನೀನ್ ಯೋಳ್ಕೊಟ್ಟೀಯಾ ನಂಗೆ?" ಎಂದರು.

ಸುರಿದರು. ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ಬರಲಿಲ್ಲ. ಕಣ್ಣು ಬಿಟ್ಟಾಗ ಆಕೆಯ ಅಂಗೈ ಬೋರೇಗೌಡರ ಕೆನ್ನೆಯ ಮೇಲಿತ್ತು. ಅರಿಸಿನ ಹಚ್ಚಿ ಉಜ್ಜಿದರು, ಮತ್ತೆ ನೀರು ಹೊಯ್ದರು. ಮೊದಲು ಹೆದರಿ ಹೆದರಿ ಮುಟ್ಟುತ್ತಿದ್ದ ಕೈ ಆಮೇಲೆ ಗಟ್ಟಿಯಾಗಿ ಓಡಾಡಿತು. ಮಚ್ಚೆಯ ಮೇಲೆ ಹೆಬ್ಬೆರಳು ನಿಂತಿತು. ಅಲ್ಲೇ ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಮೈದುನ ತಲೆಯ ಮೇಲಿನ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು, "ಒಂಟೋಗಿರ್ನಿಲ್ಲ ಬುಡು ಅಣ್ಣ" ಎಂದ.

ಮಾತು ತಿರುಗಿಸಲೆಂದು ಚೆಚಿಲಿಯಮ್ಮನ ಕಥೆ ತೆಗೆದೆ. ಫ್ಲಾಸ್ಕಿನ ಬಿಸಿನೀರು, ಗಂಡನ ಪಕ್ಕ ತನ್ನದೇ ಫೋಟೋ, ಬದುಕಿರುವಾಗಲೇ ಅದನ್ನು ತೊಳೆದುಕೊಂಡದ್ದು. ನಿಂಗಮ್ಮ ನಗುತ್ತಾರೆ ಎಂದುಕೊಂಡಿದ್ದೆ. ಅವರು ಕೆನ್ನೆ ಒರೆಸಿಕೊಂಡು ಶಾಲಿನ ಅಂಚನ್ನು ನೇವರಿಸುತ್ತ ಕೇಳಿದರು. ಆಮೇಲೆ, "ನಂದೂ ಒಂದ್ ಮಾಡ್ಬುಡಪ್ಪ. ಇಲ್ಲೇ ಮಗ್ಗುಲ್ಗೆ ಮಡಗು" ಎಂದರು.

"ಬುಡ್ತು ಅನ್ನವ್ವ! ಅದೇನ್ ಮಾತು ಅಂತ ಆಡೀಯೆ."

"ಸುಮ್ಕಿರಪ್ಪ. ನಾನ್ ವೋದ್ಮೇಲೆ ಅವ್ರ್ಗೆ ಬಿಸ್ನೀರು ಯಾರ್ ಉಯ್ದಾರು? ಮಕ್ಳು ಅಪ್ಪನ್ನ ಮರೀತಾರೆ, ಅವ್ವನ್ನ ಮರಿಯಲ್ಲ. ಪಕ್ದಲ್ಲಿ ನಾನಿದ್ರೆ, ನಂಗೆ ಉಯ್ಯಾಕೆ ಬಂದೋರು ಅವ್ರ್ಗೂ ಒಂದ್ ಚೆಂಬು ಉಯ್ತಾರೆ."

ಹೆಗಲಲ್ಲಿ ಕ್ಯಾಮೆರಾ ಇತ್ತು. ಇಳಿಸಿ ಕೈಗೆ ತೆಗೆದುಕೊಂಡೆ. ನಿಂಗಮ್ಮ ಒದ್ದೆ ಕೈಯಲ್ಲೇ ಮುಂಗೂದಲು ತೀಡಿಕೊಂಡು, ಶಾಲು ಸರಿಮಾಡಿಕೊಂಡು, ಕಟ್ಟೆಯ ಅಂಚಿನಲ್ಲಿ ಕೂತರು. "ಇತ್ಲಾಗ್ ನೋಡವ್ವ, ಕ್ಯಾಮ್ರಾ ಕಡೆ" ಅಂದೆ. ಅವರು ನನ್ನ ಕಡೆ ನೋಡಲಿಲ್ಲ. ಕತ್ತು ತಿರುಗಿಸಿ ಗಂಡನನ್ನು ನೋಡುತ್ತ, "ಬೇಗ ತಗಿ. ಇವ್ರ ಮೈ ಆರೋದಕ್ ಮುಂಚೆ ಒರಸ್ಬೇಕು" ಎಂದರು. ನಾನು ಬಟನ್ ಒತ್ತಿದೆ.